ಮೊದಲ ಹಾವು ಆರಿಸುವುದು ಹೇಗೆ: ಸಿದ್ಧತೆ ಮೊದಲು, ಹಾವು ಕೊನೆಗೆ

"ಹಾವು ತಂದು ಮೂರು ವಾರ ಆಯ್ತು, ಒಂದು ಇಲಿಮರಿಯನ್ನೂ ಮುಟ್ಟಿಲ್ಲ. ಏನ್ ಮಾಡ್ಲಿ?" ಹೊಸಬರು ಪದೇ ಪದೇ ಕೇಳುವ ಪ್ರಶ್ನೆ ಇದು. ಟ್ಯಾಂಕಿನ (ಹಾವು ಇಡುವ ಪೆಟ್ಟಿಗೆಯ) ಬೆಚ್ಚಗಿನ ತುದಿಯಲ್ಲಿ ಎಷ್ಟು ಡಿಗ್ರಿ ಇದೆ ಎಂದು ತಿರುಗಿ ಕೇಳಿದರೆ, "ಕೈ ಇಟ್ಟು ನೋಡಿದೆ, ಬೆಚ್ಚಗೇ ಇದೆ" ಎಂಬ ಉತ್ತರ ಬರುತ್ತದೆ. ಮರಿ ಹುಟ್ಟಿದ್ದೆಲ್ಲಿ, ಕೊನೆಯ ಊಟ ಯಾವಾಗ ಎಂದರೆ ಗೊತ್ತಿಲ್ಲ. ಬಣ್ಣ ಮಾತ್ರ ಚೆನ್ನಾಗಿ ಗೊತ್ತು.

ಇಲ್ಲಿ ಹಾವಿನ ತಪ್ಪೇನೂ ಇಲ್ಲ. ಕೆಲಸದ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಮೊದಲು ಹಾವು ತರುತ್ತಾರೆ, ಆಮೇಲೆ ಟ್ಯಾಂಕು ಹುಡುಕುತ್ತಾರೆ, ಅದಾದ ಮೇಲೆ ಇಲಿ ಎಲ್ಲಿ ಸಿಗುತ್ತೆ ಎಂದು ವಿಚಾರಿಸುತ್ತಾರೆ. ಡಾಕ್ಟರ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳು ಇದಕ್ಕೆ ಪೂರ್ತಿ ಉಲ್ಟಾ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಕೈ ಹಾಕಬೇಡಿ.

ಹಂತ 1: ಕಾನೂನು, ಮನೆಯವರು, ಡಾಕ್ಟರು

ಮೊದಲ ಕೆಲಸ, ನೀವಿರುವ ಕಡೆಯ ಕಾನೂನು ತಿಳಿದುಕೊಳ್ಳುವುದು. ಎಷ್ಟೋ ದೇಶಗಳಲ್ಲಿ ಅಲ್ಲಿನ ಕಾಡಿನ ಹಾವುಗಳನ್ನು ಹಿಡಿದು ಸಾಕುವುದು ಅಪರಾಧ. ಹೊರದೇಶದ ಜಾತಿಗಳಿಗೂ ಕೆಲವೆಡೆ ಪರವಾನಗಿ ಬೇಕು, ಕೆಲವೆಡೆ ನೋಂದಣಿ ಆಗಬೇಕು. ಬಾಲ್ ಪೈಥಾನ್ ಮತ್ತು ಸ್ಯಾಂಡ್ ಬೋವಾದಂಥವು ಸೈಟಿಸ್ (CITES) ಎಂಬ, ಕಾಡುಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ 2ನೇ ಅನುಬಂಧದಲ್ಲಿವೆ. ಅಂದರೆ ಕಾಗದಪತ್ರ ಇಲ್ಲದೆ ಅವು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಂತಿಲ್ಲ. ಮಾರುವವರು "ಏನೂ ಆಗಲ್ಲ ಬಿಡಿ" ಎಂದರೆ ಅದನ್ನು ಕಾನೂನು ಸಲಹೆ ಅಂದುಕೊಳ್ಳಬೇಡಿ. ಅನುಮತಿ ಇಲ್ಲ ಎಂದು ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ.

ಬೇಲಿಯ ಬದಿಯಲ್ಲಿ ಸಿಕ್ಕ ಮರಿಯನ್ನು "ಸಾಧು ಹಾವು ಇದು" ಎಂದು ಡಬ್ಬಿಗೆ ಹಾಕಿಕೊಂಡು ಬರುವುದಂತೂ ಬೇಡವೇ ಬೇಡ. ವಿಷದ ಹಾವಿನ ಮರಿಯನ್ನೂ ವಿಷವಿಲ್ಲದ್ದರ ಮರಿಯನ್ನೂ ಹೊಸಬರು ಬೇರೆ ಮಾಡಿ ಗುರುತಿಸಲಾರರು.

ಎರಡನೆಯದು ಮನೆಯವರ ಒಪ್ಪಿಗೆ. ಬಾಯಿಮಾತಿಗೆ "ಆಯ್ತು" ಅಂದರೆ ಸಾಲದು. ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕುತ್ತದೆ, ಬಾಲ್ ಪೈಥಾನ್ 20ರಿಂದ 30. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆ ಇಟ್ಟಿತ್ತು! ಹೈಸ್ಕೂಲು ಹುಡುಗ ಹಠ ಮಾಡಿ ತರಿಸಿದ ಹಾವನ್ನು, ಅವನು ಕಾಲೇಜಿಗೆ ಬೇರೆ ಊರಿಗೆ ಹೋದ ಮೇಲೆ ನೋಡಿಕೊಳ್ಳುವವರು ಯಾರು? ಇದನ್ನು ಈಗಲೇ ಕೇಳಿಕೊಳ್ಳಿ.

ಆರೋಗ್ಯದ ಮಾತೂ ಇದೆ. ಚೆನ್ನಾಗಿ ಕಾಣುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಮನೆಯಲ್ಲಿ 5 ವರ್ಷದೊಳಗಿನ ಮಕ್ಕಳು, ಗರ್ಭಿಣಿ, ವಯಸ್ಸಾದವರು ಅಥವಾ ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಇದ್ದರೆ ಮೊದಲು ಅವರ ಡಾಕ್ಟರನ್ನು ಕೇಳಿ. ಉಳಿದವರಿಗೂ ನಿಯಮ ಒಂದೇ: ಹಾವು, ಟ್ಯಾಂಕು, ನೀರಿನ ಬಟ್ಟಲು, ಯಾವುದನ್ನು ಮುಟ್ಟಿದರೂ ಸೋಪು ಹಚ್ಚಿ ಕೈ ತೊಳೆಯಬೇಕು. ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬಾರದು.

ಕೊನೆಗೆ ಪಶುವೈದ್ಯರು. ನಾಯಿ, ಬೆಕ್ಕು ನೋಡುವ ಎಲ್ಲರೂ ಹಾವು ನೋಡುವುದಿಲ್ಲ. ಫೋನ್ ಮಾಡಿ, "ಹಾವಿಗೆ ಚಿಕಿತ್ಸೆ ಕೊಡ್ತೀರಾ?" ಎಂದು ನೇರವಾಗಿ ಕೇಳಿ. ಒಂದು ನಂಬರ್ ಆದರೂ ಕೈಗೆ ಸಿಕ್ಕ ಮೇಲೆ ಮುಂದಿನ ಹಂತ.

ಹಂತ 2: ಇಲಿಯ ಪ್ರಶ್ನೆ

ಚಿಕ್ಕ ಹಂತ ಇದು, ಆದರೆ ಎಷ್ಟೋ ಜನರ ಆಸೆ ಇಲ್ಲೇ ತಣ್ಣಗಾಗುತ್ತದೆ. ಮೊದಲ ಹಾವಾಗಿ ಸಾಕಬಹುದಾದ ಹೆಚ್ಚಿನ ಜಾತಿಗಳು ಇಡೀ ಇಲಿಯನ್ನೇ ತಿನ್ನುತ್ತವೆ. ಕತ್ತರಿಸಿದ ಮಾಂಸ ಕೊಟ್ಟರೆ ಮೂಳೆಯಿಂದ, ಒಳಗಿನ ಅಂಗಗಳಿಂದ ಸಿಗಬೇಕಾದ ಪೋಷಣೆ ಸಿಗುವುದಿಲ್ಲ. ತರಕಾರಿಯಂತೂ ಲೆಕ್ಕಕ್ಕೇ ಇಲ್ಲ.

ಹೊಸಬರಿಗೆ ಸರಿಯಾದದ್ದು ಫ್ರೀಜ್ ಮಾಡಿದ ಇಲಿ. ಜೀವಂತ ಇಲಿ ಮೂಲೆಗೆ ಸಿಕ್ಕರೆ ಹಾವನ್ನೇ ಕಚ್ಚುತ್ತದೆ. ಕಣ್ಣು ಹೋದ, ಬೆನ್ನು ಕಿತ್ತುಹೋದ ಹಾವುಗಳಿವೆ. ಹಾಗಾಗಿ ಎರಡು ಪ್ರಶ್ನೆ: ಫ್ರೀಜ್ ಮಾಡಿದ ಇಲಿ ನಿಮಗೆ ವರ್ಷವಿಡೀ ಸಿಗುತ್ತದೆಯೇ? ಅದನ್ನು ನಿಮ್ಮ ಫ್ರೀಜರಿನಲ್ಲಿ ಮುಚ್ಚಿದ ಡಬ್ಬಿಯಲ್ಲಿ ಇಡಲು ಮನೆಯವರು ಬಿಡುತ್ತಾರೆಯೇ? ಎರಡರಲ್ಲಿ ಒಂದಕ್ಕೆ "ಇಲ್ಲ" ಎಂದಾದರೂ ಹಾವು ಬೇಡ.

ಹಂತ 3: ಜಾತಿ ಗೊತ್ತು ಮಾಡಿ

ಇಲ್ಲಿ ಆತುರ ಬೇಡ. ಮರಿಯನ್ನು ನೋಡಿ ಆರಿಸಬೇಡಿ, ದೊಡ್ಡದಾದಾಗ ಎಷ್ಟಾಗುತ್ತದೆ ಎಂದು ನೋಡಿ ಆರಿಸಿ. ಎಲ್ಲ ಮರಿಗಳೂ ಅಂಗೈಯಲ್ಲಿ ಹಿಡಿಯುತ್ತವೆ. ಬರ್ಮೀಸ್ ಪೈಥಾನ್ ಮರಿಯೂ ಹಿಡಿಯುತ್ತದೆ, ಕೆಲವೇ ವರ್ಷದಲ್ಲಿ ಅದನ್ನು ಎತ್ತಲು ಇಬ್ಬರು ಬೇಕಾಗುತ್ತದೆ.

ನಾನು ನೋಡುವುದು ಮೂರೇ ವಿಷಯ. ಒಬ್ಬರೇ ಸಂಭಾಳಿಸುವಷ್ಟು ಉದ್ದವೇ? ತಕರಾರಿಲ್ಲದೆ ತಿನ್ನುತ್ತದೆಯೇ? ನೀವು ಸಣ್ಣಪುಟ್ಟ ತಪ್ಪು ಮಾಡಿದರೂ ತಡೆದುಕೊಳ್ಳುತ್ತದೆಯೇ?

ಕಾರ್ನ್ ಸ್ನೇಕ್: ಮೂರಕ್ಕೂ ಹೌದು. ಅಮೆರಿಕದ ಆಗ್ನೇಯ ಭಾಗದ ಹಾವು, ಬೆಳೆದ ಮೇಲೆ 3ರಿಂದ 5 ಅಡಿ. ಮೈ ತೆಳ್ಳಗಿರುವುದರಿಂದ ಭಾರ ಅನ್ನಿಸುವುದಿಲ್ಲ. ಹೊಟ್ಟೆಬಾಕ. ತೇವ ಸ್ವಲ್ಪ ಹೆಚ್ಚುಕಡಿಮೆ ಆದರೂ ಸಹಿಸುತ್ತದೆ. ಮರಿಯಾಗಿದ್ದಾಗ ಚುರುಕು ಜಾಸ್ತಿ, ಬೆರಳ ಸಂದಿಯಿಂದ ಜಾರಿ ಓಡುತ್ತದೆ. ಒಂದು ವರ್ಷ ದಾಟಿದ ಮೇಲೆ ತಣ್ಣಗಾಗುತ್ತದೆ. ಯಾರಾದರೂ "ಒಂದೇ ಹೆಸರು ಹೇಳಿ" ಅಂದರೆ ನಾನು ಇದನ್ನೇ ಹೇಳುತ್ತೇನೆ.

ಬಾಲ್ ಪೈಥಾನ್: ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. 3ರಿಂದ 5 ಅಡಿ, ದಪ್ಪ ಮೈ, ನಿಧಾನ ಸ್ವಭಾವ. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಹೆಸರು ಬಂದದ್ದೇ ಅದರಿಂದ. ಕೈಯಲ್ಲಿ ಹಿಡಿಯಲು ಇದರಷ್ಟು ಹಿತವಾದ ಹಾವು ಕಡಿಮೆ. ಆದರೂ ನಾನು ಇದನ್ನು ಎರಡನೇ ಸ್ಥಾನದಲ್ಲಿ ಇಡುತ್ತೇನೆ, ಕಾರಣ ಊಟ. ಆರೋಗ್ಯವಾಗಿದ್ದರೂ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ಅನುಭವ ಇದ್ದವರು ತೂಕ ನೋಡಿಕೊಂಡು ಸುಮ್ನಿರುತ್ತಾರೆ. ಹೊಸಬರು ಗಾಬರಿಯಾಗಿ ದಿನಕ್ಕೊಂದು ಇಲಿ ಮುಂದೆ ಹಿಡಿಯುತ್ತಾರೆ, ಟ್ಯಾಂಕು ಬದಲಿಸುತ್ತಾರೆ, ಹಾವು ಇನ್ನಷ್ಟು ಹೆದರುತ್ತದೆ. ಇದಕ್ಕೆ 60ರಿಂದ 80 ಶೇಕಡಾ ತೇವವೂ ಬೇಕು. ಇನ್ನೊಂದು ಎಚ್ಚರಿಕೆ: ಮಾರ್ಫ್ ಎಂದು ಕರೆಯುವ, ತಳಿ ಮಾಡಿ ಬೆಳೆಸಿದ ಬಣ್ಣದ ಬಗೆಗಳಲ್ಲಿ 'ಸ್ಪೈಡರ್' ಎಂಬುದಿದೆ. ಆ ಬಣ್ಣದ ಜೊತೆಗೇ ತಲೆ ವಾಲುವ, ನಡುಗುವ ನರದೋಷವೂ ಬರುತ್ತದೆ. ನೋಡಲು ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ.

ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್: ಗಟ್ಟಿಮುಟ್ಟು ಹಾವು, ಎರಡೂವರೆಯಿಂದ 4 ಅಡಿ. ಊಟದ ಆಸೆ ಎಷ್ಟೆಂದರೆ ಇಲಿಯ ವಾಸನೆ ಇರುವ ಬೆರಳನ್ನೂ ಇಲಿ ಎಂದೇ ತಿಳಿಯುತ್ತದೆ. ಬೇರೆ ಹಾವುಗಳನ್ನೂ ತಿನ್ನುತ್ತದೆ, ಹಾಗಾಗಿ ಒಂಟಿಯಾಗಿಯೇ ಇಡಬೇಕು. ನಿಜ ಹೇಳಬೇಕೆಂದರೆ ಯಾವ ಜಾತಿಯಾದರೂ ಒಂದು ಟ್ಯಾಂಕಿಗೆ ಒಂದೇ ಹಾವು. "ಒಂಟಿಯಾಗಿ ಬೇಜಾರಾಗುತ್ತೆ ಪಾಪ" ಎಂಬುದು ನಮ್ಮ ಕಲ್ಪನೆ.

ಕೀನ್ಯನ್ ಸ್ಯಾಂಡ್ ಬೋವಾ: ಜಾಗ ಕಡಿಮೆ ಇರುವವರಿಗೆ. ಹೆಣ್ಣು ಎರಡರಿಂದ ಎರಡೂವರೆ ಅಡಿ, ಗಂಡು ಅದಕ್ಕಿಂತ ಬಹಳ ಚಿಕ್ಕದು. ದಿನವೆಲ್ಲಾ ಮಣ್ಣೊಳಗೆ ಹುದುಗಿ ಕಣ್ಣು ಮಾತ್ರ ಹೊರಗಿಟ್ಟಿರುತ್ತದೆ. ಬಂದವರಿಗೆ ತೋರಿಸೋಣ ಎಂದರೆ ಮಣ್ಣು ಮಾತ್ರ ಕಾಣುತ್ತದೆ.

ವೆಸ್ಟರ್ನ್ ಹಾಗ್‌ನೋಸ್ ಈಗ ಎಲ್ಲರಿಗೂ ಇಷ್ಟ. ಮೂತಿ ಮುದ್ದಾಗಿದೆ ನಿಜ. ಆದರೆ ಬಾಯಿಯ ಹಿಂಭಾಗದ ಹಲ್ಲಿನಲ್ಲಿ ಸೌಮ್ಯವಾದ ವಿಷ ಇದೆ. ಕಚ್ಚಿ ಹಿಡಿದುಕೊಂಡರೆ ಕೈ ಊದುತ್ತದೆ. ಮರಿಗಳು ಊಟಕ್ಕೆ ತಕರಾರು ಮಾಡುವುದೂ ಉಂಟು. ಎರಡನೇ ಹಾವಾಗಿ ಬರಲಿ.

ಮೊದಲ ಸಲಕ್ಕೆ ಬೇಡವಾದವು: ಬರ್ಮೀಸ್ ಮತ್ತು ರೆಟಿಕ್ಯುಲೇಟೆಡ್ ಪೈಥಾನ್, ದೊಡ್ಡ ಬೋವಾಗಳು, ಗ್ರೀನ್ ಟ್ರೀ ಪೈಥಾನ್, ಯಾವುದೇ ವಿಷದ ಹಾವು. ಗ್ರೀನ್ ಟ್ರೀ ಪೈಥಾನ್ ಫೋಟೋದಲ್ಲಿ ಬಹಳ ಚೆಂದ, ಆದರೆ ಅದರ ತೇವ ಮತ್ತು ಬಿಸಿ ಕಾಪಾಡುವುದು ಕಷ್ಟ, ಕೈಯಲ್ಲಿ ಹಿಡಿಸಿಕೊಳ್ಳುವುದೂ ಅದಕ್ಕೆ ಇಷ್ಟವಿಲ್ಲ.

ಹಂತ 4: ಮನೆ ಕಟ್ಟಿ, ಖಾಲಿಯಾಗಿಯೇ ಒಂದು ವಾರ ನಡೆಸಿ

ಬೇಕಾದ ಸಾಮಾನು ಇಷ್ಟು: ಬೀಗ ಅಥವಾ ಕ್ಲಿಪ್ ಇರುವ ಮುಚ್ಚಳದ ಟ್ಯಾಂಕು, ಹೀಟ್ ಮ್ಯಾಟ್ ಅಥವಾ ಹೀಟ್ ಬಲ್ಬು, ಥರ್ಮೋಸ್ಟ್ಯಾಟ್ (ಬಿಸಿ ಮಿತಿ ಮೀರದಂತೆ ತಡೆಯುವ ಸಾಧನ), ಎರಡು ಡಿಜಿಟಲ್ ಥರ್ಮಾಮೀಟರ್, ತೇವ ಅಳೆಯುವ ಮೀಟರ್, ಅಡಗಿಕೊಳ್ಳಲು ಎರಡು ಗೂಡು, ಉರುಳಿ ಬೀಳದ ನೀರಿನ ಬಟ್ಟಲು, ಉದ್ದನೆಯ ಚಿಮಟ, ಗ್ರಾಂ ತೋರಿಸುವ ತಕ್ಕಡಿ.

ಈ ಪಟ್ಟಿಯಲ್ಲಿ ಜನ ಬಿಟ್ಟುಬಿಡುವುದು ಥರ್ಮೋಸ್ಟ್ಯಾಟನ್ನೇ. "ಮ್ಯಾಟ್ ತಾನೇ ಸ್ವಲ್ಪ ಬೆಚ್ಚಗಾಗುತ್ತೆ, ಅದಕ್ಕ್ಯಾಕೆ?" ಎನ್ನುತ್ತಾರೆ. ನಿಯಂತ್ರಣ ಇಲ್ಲದ ಮ್ಯಾಟು 45 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಹೊಟ್ಟೆಯ ಅಡಿಯಿಂದ ಬರುವ ಬಿಸಿಯಿಂದ ಹಾವು ನಮ್ಮಂತೆ ತಟ್ಟನೆ ಹಿಂದೆ ಸರಿಯುವುದಿಲ್ಲ. ಅಲ್ಲೇ ಮಲಗಿರುತ್ತದೆ, ಹೊಟ್ಟೆ ಸುಟ್ಟಿರುತ್ತದೆ. ಪ್ಲಗ್ಗಿಗೆ ಹಾಕುವ ಬಿಸಿ ಕಲ್ಲುಗಳೂ ಇದೇ ಕಾರಣಕ್ಕೆ ಬೇಡ. ಥರ್ಮೋಸ್ಟ್ಯಾಟಿನ ಸೆನ್ಸರ್ ಹಾವು ಮಲಗುವ ಜಾಗದಲ್ಲೇ ಇರಬೇಕು, ಗಾಳಿಯಲ್ಲಿ ನೇತಾಡಬಾರದು.

ಬಿಸಿ ಒಂದೇ ತುದಿಗೆ ಇರಲಿ. ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಬೇಕೆನಿಸಿದಾಗ ಬಿಸಿ ಕಡೆಗೆ, ಸಾಕೆನಿಸಿದಾಗ ತಂಪು ಕಡೆಗೆ ಹೋಗುತ್ತದೆ. ಕಾರ್ನ್ ಸ್ನೇಕಿಗೆ ಬೆಚ್ಚಗಿನ ತುದಿ 29ರಿಂದ 31 ಡಿಗ್ರಿ, ತಂಪಿನ ತುದಿ 22ರಿಂದ 25. ಬಾಲ್ ಪೈಥಾನಿಗೆ 31ರಿಂದ 33, ತಂಪಿನಲ್ಲಿ 25ರಿಂದ 27. ಎರಡೂ ತುದಿಯಲ್ಲಿ ಒಂದೊಂದು ಗೂಡು ಇಡಲೇಬೇಕು. ಒಂದೇ ಗೂಡು ಇದ್ದರೆ ಹಾವು ಬಿಸಿ ಬೇಕೋ, ಮರೆ ಬೇಕೋ ಎಂದು ಒದ್ದಾಡುತ್ತದೆ. ಸಾಮಾನ್ಯವಾಗಿ ಮರೆಯನ್ನೇ ಆರಿಸಿ ಜೀರ್ಣವಾಗದೆ ನರಳುತ್ತದೆ. ಗೂಡು ಇಕ್ಕಟ್ಟಾಗಿರಲಿ, ಸುತ್ತಿ ಮಲಗಿದಾಗ ಮೈ ಗೋಡೆಗೆ ತಾಗಬೇಕು. ಕೋಣೆಯೇ 33, 34 ಡಿಗ್ರಿ ಕಾಯುವ ದಿನಗಳಲ್ಲಿ ತಂಪಿನ ತುದಿಯೇ ಇಲ್ಲವಾಗುತ್ತದೆ. ಆಗ ಟ್ಯಾಂಕನ್ನು ತಂಪಾದ ಕೋಣೆಗೆ ಸಾಗಿಸುವ ದಾರಿ ಈಗಲೇ ಯೋಚಿಸಿ.

ಬೆಳೆದ ಕಾರ್ನ್ ಸ್ನೇಕಿಗೂ ಬಾಲ್ ಪೈಥಾನಿಗೂ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಟ್ಯಾಂಕು ಒಳ್ಳೆಯದು. ಮರಿಗೆ ಅಷ್ಟು ದೊಡ್ಡದು ಕೊಡುವುದಾದರೆ ಒಳಗೆ ಎಲೆ, ಕೊಂಬೆ, ತೊಗಟೆ ತುಂಬಿರಲಿ. ಬೋಳು ಬಯಲಿನಂಥ ಟ್ಯಾಂಕಿನಲ್ಲಿ ಮರಿ ಹೆದರಿ ಊಟ ಬಿಡುತ್ತದೆ. ನೆಲಕ್ಕೆ ಕಾರ್ನ್ ಸ್ನೇಕಿಗೆ ಆಸ್ಪೆನ್ ಮರದ ಚೂರು, ಬಾಲ್ ಪೈಥಾನಿಗೆ ತೇವ ಹಿಡಿಯುವ ತೆಂಗಿನ ನಾರಿನ ಪುಡಿ. ದೇವದಾರಿನ ಪುಡಿ ಎಂದೂ ಬೇಡ, ಅದರ ಘಾಟು ಹಾವಿನ ಶ್ವಾಸಕ್ಕೆ ಕೆಟ್ಟದ್ದು.

ಮುಚ್ಚಳದ ಬಗ್ಗೆ ನನ್ನ ಕಥೆ ಹೇಳಿಬಿಡುತ್ತೇನೆ. ನನ್ನ ಮೊದಲ ಕಾರ್ನ್ ಸ್ನೇಕ್ ಎರಡನೇ ರಾತ್ರಿಯೇ ಮಾಯ. ವೈರ್ ಹೋಗಲಿ ಎಂದು ಮೂಲೆಯಲ್ಲಿ ನಾನೇ ಬಿಟ್ಟಿದ್ದ ಸಂದು ಕಿರುಬೆರಳಿನಷ್ಟೂ ಇರಲಿಲ್ಲ. 5 ದಿನ ಆದ ಮೇಲೆ ಫ್ರಿಜ್ಜಿನ ಹಿಂದೆ, ಮೋಟರಿನ ಬಿಸಿಗೆ ಸುತ್ತಿಕೊಂಡು ಮಲಗಿದ್ದು ಸಿಕ್ಕಿತು. ತಲೆ ತೂರಿದರೆ ಇಡೀ ಹಾವೇ ತೂರುತ್ತದೆ.

ಎಲ್ಲ ಸಿದ್ಧವಾದ ಮೇಲೆ 7 ದಿನ ಖಾಲಿಯಾಗಿಯೇ ನಡೆಸಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಡಿಗ್ರಿ ಬರೆದಿಡಿ. ಸ್ಥಿರವಾಗಿ ನಿಂತರೆ ಮಾತ್ರ ಮುಂದೆ ಹೋಗಿ.

ಹಂತ 5: ಮಾರುವವರನ್ನು ಪರೀಕ್ಷಿಸಿ

ಸಾಕಣೆಯಲ್ಲೇ ಹುಟ್ಟಿದ ಮರಿಯನ್ನೇ ತೆಗೆದುಕೊಳ್ಳಿ. ಕಾಡಿನಿಂದ ಹಿಡಿದು ತಂದದ್ದರಲ್ಲಿ ಹೊಟ್ಟೆಹುಳು, ಉಣ್ಣಿ, ಹೆದರಿಕೆ ಎಲ್ಲ ಜಾಸ್ತಿ, ಎಷ್ಟೋ ಸಲ ಸತ್ತ ಇಲಿಯನ್ನು ಊಟ ಎಂದೇ ಅವು ಒಪ್ಪುವುದಿಲ್ಲ. ಬಾಲ್ ಪೈಥಾನಿನಲ್ಲಿ ಇನ್ನೊಂದು ಜಾಣತನ ನಡೆಯುತ್ತದೆ. ಕಾಡಿನಲ್ಲಿ ಹಿಡಿದ ಬಸುರಿ ಹಾವು ಇಟ್ಟ ಮೊಟ್ಟೆಯಿಂದ ಹುಟ್ಟಿದ ಮರಿಯನ್ನೂ "ಇಲ್ಲೇ ಹುಟ್ಟಿದ್ದು" ಎಂದು ಮಾರುತ್ತಾರೆ. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. "ತಾಯಿ, ತಂದೆ ಎರಡೂ ನಿಮ್ಮ ಹತ್ತಿರ ಇವೆಯಾ? ನೋಡಬಹುದಾ?" ಎಂದು ಕೇಳಿ.

ಮಿಕ್ಕ ಪ್ರಶ್ನೆಗಳು:
- ಮೊಟ್ಟೆಯೊಡೆದ ತಾರೀಖು ಯಾವುದು?
- ಇಲ್ಲಿಯವರೆಗೆ ಎಷ್ಟು ಸಲ ತಿಂದಿದೆ? ಫ್ರೀಜ್ ಮಾಡಿದ್ದೋ, ಜೀವಂತವೋ?
- ಕೊನೆಯ ಸಲ ಪೊರೆ ಬಿಟ್ಟದ್ದು ಯಾವಾಗ? ಒಂದೇ ತುಂಡಾಗಿ ಬಂತಾ?
- ನನ್ನ ಮುಂದೆ ಒಮ್ಮೆ ತಿನ್ನಿಸಿ ತೋರಿಸ್ತೀರಾ?

ಒಳ್ಳೆಯ ಬ್ರೀಡರ್ (ಹಾವು ಸಾಕಿ ಮರಿ ಮಾಡಿಸುವವರು) ಕೇಳುವ ಮೊದಲೇ ಊಟದ ಪುಸ್ತಕ ತೆಗೆದು ತೋರಿಸುತ್ತಾರೆ. ಕನಿಷ್ಠ ಐದಾರು ಸಲ ಫ್ರೀಜ್ ಮಾಡಿದ ಇಲಿ ತಿಂದಿರುವ ಮರಿ ಇರಲಿ. ಒಂದು ವರ್ಷದ ಹಾವು ಸಿಕ್ಕರೆ ಇನ್ನೂ ಒಳ್ಳೆಯದು, ಮರಿಯೇ ಬೇಕೆಂಬ ಹಠ ಬೇಡ. ಪ್ರಶ್ನೆ ಕೇಳಿದರೆ ಸಿಡುಕುವವರು, "ಇವತ್ತೇ ತಗೊಳ್ಳಿ, ನಾಳೆ ಇರಲ್ಲ" ಅನ್ನುವವರು, ಒಂದೇ ಡಬ್ಬಿಯಲ್ಲಿ ಹತ್ತು ಹಾವು ತುಂಬಿಟ್ಟವರು, ಇವರ ಹತ್ತಿರ ತೆಗೆದುಕೊಳ್ಳಬೇಡಿ. ಕಾಯಿಲೆ ಹಾವನ್ನು ಕರುಣೆಯಿಂದ ಕೊಂಡರೆ, ಆ ಜಾಗಕ್ಕೆ ಇನ್ನೊಂದು ಕಾಯಿಲೆ ಹಾವು ಬರುತ್ತದೆ.

ಹಂತ 6: ತಲೆಯಿಂದ ಬಾಲದವರೆಗೆ ನೋಡಿ

ಹಾವನ್ನು ಕೈಗೆ ತೆಗೆದುಕೊಂಡು ಬೆಳಕಿನಲ್ಲಿ ನೋಡಿ. ಕಣ್ಣು ತಿಳಿಯಾಗಿರಬೇಕು. ಎರಡೂ ಕಣ್ಣು ಒಂದೇ ತರಹ ನೀಲಿಯಾಗಿ ಮಸುಕಾಗಿದ್ದರೆ ಪೊರೆ ಬಿಡುವ ಹೊತ್ತು, ಅದು ಕಾಯಿಲೆಯಲ್ಲ. ಹಾಗಿದ್ದರೆ ಒಂದು ವಾರ ಬಿಟ್ಟು ಬನ್ನಿ. ಕಣ್ಣಿನ ಮೇಲೆ ಸುಕ್ಕಾದ ಹಳೆ ಪದರ ಉಳಿದಿದ್ದರೆ ಸಾಕಿದ ಜಾಗದಲ್ಲಿ ತೇವ ಸಾಲದು ಎಂದರ್ಥ.

ಮೂಗಿನಲ್ಲಿ ಗುಳ್ಳೆ, ಬಾಯಂಚಿನಲ್ಲಿ ಲೋಳೆ, ಉಸಿರಾಡುವಾಗ ಸಿಳ್ಳೆಯಂಥ ಸದ್ದು, ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಟ ಕಂಡರೆ ಶ್ವಾಸಕೋಶದ ಸೋಂಕಿನ ಸುಳಿವು. ಅಲ್ಲಿಂದ ಹೊರಟುಬಿಡಿ. ಬೆನ್ನುಮೂಳೆ ಗೀರಿನಂತೆ ಎದ್ದು ಕಂಡರೆ ಊಟವಿಲ್ಲದೆ ಸೊರಗಿದೆ. ಹೊಟ್ಟೆಯ ಹುರುಪೆ ಕೆಂಪಾಗಿದ್ದರೆ, ಕೊಳೆತಂತೆ ಇದ್ದರೆ ಒದ್ದೆ ನೆಲದಲ್ಲಿ ಇಟ್ಟಿದ್ದಾರೆ. ಬಾಲದ ಬುಡದ ಸೀಳಿನ ಸುತ್ತ ಹೊಲಸು ಮೆತ್ತಿರಬಾರದು.

ಹಾವು ಕೈಯಲ್ಲಿ ಹರಿದಾಡಿದ ಮೇಲೆ ನಿಮ್ಮ ಅಂಗೈ ನೋಡಿಕೊಳ್ಳಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಓಡಾಡುತ್ತಿದ್ದರೆ ಅವು ನುಸಿ. ನೀರಿನ ಬಟ್ಟಲಲ್ಲೇ ಯಾವಾಗಲೂ ಮುಳುಗಿರುವ ಹಾವಿನ ಮೇಲೂ ನುಸಿಯ ಅನುಮಾನ ಇರಲಿ. ನಾಲಿಗೆ ಹೊರಹಾಕುತ್ತಾ, ಕೈಯನ್ನು ಹಗುರವಾಗಿ ಹಿಡಿದುಕೊಳ್ಳುವ ಹಾವು ಬೇಕು. ಒದ್ದೆ ಹಗ್ಗದಂತೆ ಜೋಲುವುದು ಬೇಡ, ಅದು "ತುಂಬಾ ಸಾಧು" ಅಲ್ಲ, ಸುಸ್ತು.

ಹಂತ 7: ತಂದ ಮೇಲೆ ಎರಡು ವಾರ

ತಂದ ದಿನವೇ ಎಲ್ಲರ ಕೈಗೂ ಕೊಟ್ಟು ಫೋಟೋ ತೆಗೆಯುವುದು ಸಾಮಾನ್ಯ ತಪ್ಪು. ಮೊದಲ 7 ದಿನ ನೀರು ಬದಲಿಸುವುದು ಬಿಟ್ಟು ಬೇರೇನೂ ಮಾಡಬೇಡಿ. ಅದು ಗೂಡಿನಲ್ಲೇ ಇದ್ದರೆ ಇರಲಿ ಬಿಡಿ.

ಎಂಟನೇ ದಿನ ಮೊದಲ ಊಟ. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ಇರಲಿ. ಹಿಂದಿನ ರಾತ್ರಿ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ, ಕೊಡುವ ಮೊದಲು ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿ ಇಟ್ಟು 38 ಡಿಗ್ರಿಯಷ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ, ಒಳಗೆ ಬೆಂದು ಒಡೆಯುತ್ತದೆ. ಚಿಮಟದಲ್ಲೇ ಹಿಡಿದು ಕೊಡಿ. ತಿಂದರೆ 48 ಗಂಟೆ ಮುಟ್ಟಬೇಡಿ. ತಿನ್ನದಿದ್ದರೆ ಆ ಇಲಿ ಎಸೆದು, ಒಂದು ವಾರ ಬಿಟ್ಟು ಮತ್ತೆ ನೋಡಿ. ಮರುದಿನವೇ ಬೇಡ. ಆಮೇಲೆ ಮರಿಗೆ 5ರಿಂದ 7 ದಿನಕ್ಕೊಮ್ಮೆ, ಬೆಳೆದ ಕಾರ್ನ್ ಸ್ನೇಕಿಗೆ 10ರಿಂದ 14 ದಿನಕ್ಕೊಮ್ಮೆ ಸಾಕು.

ಒಂದೆರಡು ಸಲ ತಿಂದ ಮೇಲೆ ಕೈಗೆ ತೆಗೆದುಕೊಳ್ಳಲು ಶುರು ಮಾಡಿ. ಮೊದಲು 5 ನಿಮಿಷ. ಮೇಲಿನಿಂದ ಹದ್ದಿನಂತೆ ಎರಗಬೇಡಿ, ಪಕ್ಕದಿಂದ ಕೈ ತಂದು ಮೈಯ ನಡುಭಾಗವನ್ನು ಎತ್ತಿ. ಕಚ್ಚಿ ಹಿಡಿದರೆ ಎಳೆಯಬೇಡಿ. ಹಲ್ಲು ಹಿಂದಕ್ಕೆ ಬಾಗಿರುತ್ತದೆ, ಎಳೆದರೆ ನಿಮ್ಮ ಚರ್ಮವೂ ಅದರ ಹಲ್ಲೂ ಹೋಗುತ್ತದೆ. ನಲ್ಲಿಯ ತಣ್ಣೀರು ಬಿಟ್ಟರೆ ತಾನೇ ಬಿಡುತ್ತದೆ. ಆಮೇಲೆ ಗಾಯವನ್ನು ಸೋಪಿನಿಂದ ತೊಳೆಯಿರಿ.

ಹಂತ 8: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ವಾರಕ್ಕೊಮ್ಮೆ ತೂಕ ಬರೆದಿಡಿ. ಬೆಳೆದ ಬಾಲ್ ಪೈಥಾನ್ ಊಟ ಬಿಟ್ಟರೂ ತೂಕ ನಿಂತಲ್ಲೇ ಇದ್ದರೆ ಕಾಯಿರಿ. ನೂರಕ್ಕೆ ಹತ್ತರಷ್ಟು ಇಳಿದರೆ ಡಾಕ್ಟರ ಹತ್ತಿರ ಹೋಗಿ. ಮರಿ ಸೊರಗುತ್ತಿದ್ದರೆ ಅಷ್ಟೂ ಕಾಯಬೇಡಿ. ಪೊರೆ ಚೂರು ಚೂರಾಗಿ ಬಂದರೆ ಟ್ಯಾಂಕಿನಲ್ಲಿ ಒದ್ದೆ ಪಾಚಿ (ಸ್ಫ್ಯಾಗ್ನಮ್ ಮಾಸ್) ತುಂಬಿದ ಡಬ್ಬಿ ಇಟ್ಟರೆ ಸಾಕು, ಕಣ್ಣಿನ ಮೇಲೆ ಉಳಿದ ಪದರವನ್ನು ಮಾತ್ರ ಉಗುರಿನಿಂದ ಕೀಳಲು ಹೋಗಬೇಡಿ.

ಬಾಯಿ ತೆರೆದು ಉಸಿರಾಡುವುದು, ತಲೆ ಹಿಂದಕ್ಕೆ ತಿರುಚಿ ಆಕಾಶ ನೋಡುವುದು, ಮಗುಚಿ ಹಾಕಿದರೆ ನೆಟ್ಟಗಾಗದಿರುವುದು ಕಂಡರೆ ಅವತ್ತೇ ಡಾಕ್ಟರು.

ತಿಂದ ಇಲಿಯನ್ನು ಕಕ್ಕಿದರೆ ಮೊದಲು ಡಿಗ್ರಿ ನೋಡಿ. ತಂಪು ಜಾಸ್ತಿಯಾಗಿರುವುದು, ತಿಂದ ತಕ್ಷಣ ಮುಟ್ಟಿದ್ದು, ಇಲಿ ದೊಡ್ಡದಾಗಿದ್ದು, ಹೆಚ್ಚಾಗಿ ಈ ಮೂರರಲ್ಲಿ ಒಂದು ಕಾರಣ ಇರುತ್ತದೆ. "ಪಾಪ, ಹೊಟ್ಟೆ ಖಾಲಿ" ಎಂದು ಕೂಡಲೇ ಇನ್ನೊಂದು ಕೊಡಬೇಡಿ, ಅದನ್ನೂ ಕಕ್ಕುತ್ತದೆ. 10ರಿಂದ 14 ದಿನ ನೀರು ಮಾತ್ರ ಇರಲಿ. ಆಮೇಲೆ ಮಾಮೂಲಿಗಿಂತ ಅರ್ಧದಷ್ಟು ಚಿಕ್ಕ ಇಲಿ ಕೊಡಿ. ಎರಡನೇ ಸಲವೂ ಕಕ್ಕಿದರೆ, ಹಂತ 1ರಲ್ಲಿ ಬರೆದಿಟ್ಟ ನಂಬರಿಗೆ ಫೋನ್ ಮಾಡಿ.